ಅಪ್ಪ ಹಾಕದ ಅರ್ಜಿ

ಲಿಂಗಸುಗೂರು
2 ಜುಲೈ 2024

ನನ್ನ ಫಿಲ್ಲೂ,

ಯೇಸು, ಮರಿಯಾ, ಜೋಸೆಫರು ನಿನ್ನನ್ನು ಕಾಯಲಿ. ಗದುಗಿನಲ್ಲಿ ಮಳೆ ಹಿಡಿದಿದೆಯಂತೆ, ಪಾಠ ಹೇಳಲು ಶಾಲೆಗೆ ಹೋಗುವಾಗ ಕೊಡೆ ಒಯ್ಯುತ್ತೀಯೋ ಇಲ್ಲವೋ. ಅಪ್ಪನನ್ನು ಮಣ್ಣು ಮಾಡಿ ಹತ್ತೊಂಬತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಟೀಚರಮ್ಮನ ಅಕ್ಷರ ಈಗ ಕೋಳಿ ಕೆದರಿದಂತಾಗಿದೆ, ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ, 'ಅಪ್ಪ' ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ನೀನು "ಉಂಡೇನವ್ವಾ? ಗುಳಿಗಿ ತಗೊಂಡೇನು?" ಅನ್ನುತ್ತೀ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಾನು ಕೇಳುವುದು ಒಂದೇ. ಇದೇ ಹನ್ನೆರಡಕ್ಕೆ, ಶುಕ್ರವಾರ, ಮುದಗಲ್ ಚರ್ಚಿನಲ್ಲಿ ಅಪ್ಪನ ತಿಂಗಳ ಪೂಜೆ. ಮಣ್ಣಿಗೆ ಬರಲಿಲ್ಲ. ಇದಕ್ಕಾದರೂ ಬಾ.

ಅವತ್ತು ನೀನು ಬಂದೇ ಬರುತ್ತೀ ಎಂದು ಎಲ್ಲರೂ ಕಾದರು. ಪೆಟ್ಟಿಗೆ ಮುಚ್ಚುವ ಮುಂಚೆ ಮಕ್ಕಳು ಹಣೆಗೆ ಮುತ್ತು ಕೊಡಬೇಕಲ್ಲ. ನಿನ್ನ ಅಣ್ಣ ರಾಯಪ್ಪ ಕೊಟ್ಟ, ಅಷ್ಟು ದೊಡ್ಡ ಗಂಡಸು ಎಳೆಗೂಸಿನಂತೆ ಅತ್ತ. ಆಮೇಲೆ ಫಾದರ್ ನನ್ನ ಮುಖ ನೋಡಿದರು, ನಾನು ಗೇಟಿನ ಕಡೆ ನೋಡಿದೆ. ಅರ್ಧ ತಾಸು ಮುಚ್ಚಳ ತೆರೆದೇ ಇತ್ತು. ಲಿಂಗಸುಗೂರು, ಸಿಂಧನೂರಿನಿಂದ ಬಂದ ವಕೀಲರು ಕರಿ ಕೋಟು ತೊಟ್ಟು ಬಿಸಿಲಿನಲ್ಲೇ ನಿಂತಿದ್ದರು. ಸಂತೆಕಲ್ಲೂರಿನ ಅಮರಗುಂಡಪ್ಪ, ಅದೇ ಹೊಲದ ಬದುವಿನ ಕೇಸಿನವನು, ನನ್ನ ಕಾಲ ಹತ್ತಿರ ಕುಕ್ಕರಿಸಿ, "ಹನ್ನೆರಡ ವರ್ಷ ನನ್ ಸಲುವಾಗಿ ಅಡ್ಡಾಡ್ಯಾರ್ರಿ ಅಮ್ಮಾರ. ಒಂದ್ ಸಲಾನೂ ನನ್ ಬಾಯಿಂದ ಸುಳ್ಳ ಹೇಳಸಲಿಲ್ಲ" ಎಂದು ಅತ್ತ. ಕಡೆಗೆ ಮೆಲ್ಲಗೆ, "ಮಗಳು ಬಂದಿಲ್ಲೇನ್ರಿ?" ಅಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ನಾನು ಇನ್ನೂ ನೆಟ್ಟಗಾಗಿಲ್ಲ. ಮೊನ್ನೆ ಭಾನುವಾರ ಚರ್ಚಿನಿಂದ ಬಂದವಳೇ ಅಪ್ಪ ಕೋರ್ಟಿಗೆ ಕಟ್ಟುತ್ತಿದ್ದ ಬಿಳಿ ಕೊರಳಪಟ್ಟಿ ಎರಡನ್ನೂ ಒಗೆದು, ಗಂಜಿ ಹಾಕಿ, ಒಣಗಲು ಹಾಕಿದೆ. ಐವತ್ತು ವರ್ಷ ಭಾನುವಾರಕ್ಕೊಮ್ಮೆ ಮಾಡಿದ ಕೆಲಸ, ಕೈ ತಾನೇ ಮಾಡಿಬಿಟ್ಟಿತು. ಸೊಸೆ ದೀಪಾ ನೋಡಿ ಒಳಗೆ ಹೋದಳು.

ಎಂಥ ಮನುಷ್ಯ ಅವರು! ಸಿಂಧನೂರು ಕೋರ್ಟಿನಿಂದ ಸಂಜೆ ಬಸ್ಸು ಹತ್ತಿದರೆ ಜಪಮಾಲೆ ಕೈಗೆ ಬರುತ್ತಿತ್ತು, ಮಸ್ಕಿ ಮುಟ್ಟುವಷ್ಟರಲ್ಲಿ ಐವತ್ತು ಮಣಿ ಮುಗಿಯಬೇಕು. ಮಸ್ಕಿಯ ಬಟ್ಟೆ ಅಂಗಡಿ ಮುಸರತ್ ಅದೇ ಬಸ್ಸಿನಲ್ಲಿದ್ದರೆ, "ವಕೀಲ್ ಸಾಬ್ ದುವಾ ಮಾಡಾಕತ್ತಾರ, ಸುಮ್ಕಿರ್ರಲೇ" ಎಂದು ಹುಡುಗರನ್ನು ಗದರಿಸುತ್ತಿದ್ದಳಂತೆ. ಮನೆಗೆ ಬಂದು ನಮ್ಮೊಂದಿಗೆ ಮತ್ತೆ ಜಪ. ಅದರಲ್ಲಿ ಅವರು ಹೇಳುವ ಮೊದಲ ಹೆಸರು ಫಿಲೋಮಿನಾ, ಆಮೇಲೆ ರಾಯಪ್ಪ, ಆಮೇಲೆ ಉಳಿದ ಲೋಕ.

ನಿನ್ನ ಸಿಟ್ಟು ನನಗೆ ಗೊತ್ತಿಲ್ಲವೇ, ತಾಯಿ? ಹನ್ನೊಂದು ವರ್ಷದ ಹಿಂದೆ ಜವಳಗೇರಾದ ಗಂಡನ ಮನೆಯಿಂದ ಮುರಿದ ಕೈಗೆ ಸೀರೆ ಸೆರಗು ಕಟ್ಟಿಕೊಂಡು ಬಂದೆ. ಆ ಬಾಲಶೌರಿ ಗದ್ದೆಯ ಪೈಪಿನಿಂದ ಹೊಡೆದಿದ್ದ. ಅವನ ಹೆಸರು ಬರೆಯಲೂ ನನಗೆ ಹೇಸಿಗೆ. "ಅಪ್ಪಾ, ನನಗ ಸೋಡಚೀಟಿ ಕೊಡ್ಸು" ಅಂದೆ. ಗಂಡ ಹೆಂಡಿರನ್ನು ಬಿಡಿಸುವ ಅರ್ಜಿ ಅಪ್ಪ ಜನ್ಮದಲ್ಲಿ ಹಾಕಿದವರಲ್ಲ. ಅಂಥವರನ್ನು ಆಫೀಸಿನಲ್ಲಿ ಒಂದೇ ಬೆಂಚಿಗೆ ಕೂರಿಸಿ, ಚಹಾ ಕುಡಿಸಿ, ಜೋಡಿಯಾಗಿ ಮನೆಗೆ ಕಳಿಸುತ್ತಿದ್ದರು. ಮೂರನೆಯ ದಿನ ನಿನಗೂ, "ನನ್ ಕೈಲಿ ಆಗಂಗಿಲ್ಲ ಮಗಾ" ಅಂದರು. ನೀನು, "ಊರ ಮಂದಿಗೆಲ್ಲಾ ವಕೀಲ, ಮಗಳಿಗೆ ಮಾತ್ರ ಅಲ್ಲ. ನೀ ಇರೂತನಕ ಈ ಹೊಸ್ತಿಲ ತುಳಿಯಂಗಿಲ್ಲ" ಎಂದು ಚೀಲ ಎತ್ತಿಕೊಂಡು ಹೋದೆ.

ಬೇರೆ ವಕೀಲರನ್ನು ಹಿಡಿದು ನೀನೇ ಗೆದ್ದೆ. ಸಿಂಧನೂರು ಕೋರ್ಟಿನ ಪಡಸಾಲೆಯಲ್ಲಿ ನೀನು ಎದುರಾದಾಗ ಅಪ್ಪ ಎದ್ದು ನಿಂತರಂತೆ, ಜಡ್ಜ್ ಸಾಹೇಬರು ಬಂದರೆ ನಿಲ್ಲುವ ಹಾಗೆ. ನೀನು ನೋಡದೆ ಹೋದೆ. ಅವತ್ತು ಅವರು ಉಣ್ಣಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ನೀನು ನನಗೆ ಫೋನು ಮಾಡುವುದು ಅವರಿಗೆ ಗೊತ್ತಿತ್ತು. ಮೂರೂ ಮುಕ್ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಕೂರುತ್ತಿದ್ದರು. ಮುಗಿದ ಮೇಲೆ ಬಂದು ಒಂದೇ ಮಾತು: "ಆಕಿ ಕೈ ಹೆಂಗೈತಂತ?" ಕೈ ಕೂಡಿ ವರ್ಷಗಟ್ಟಲೆ ಆದರೂ ಅದೇ ಮಾತು. ಕಡೆಯ ಶನಿವಾರ ಎದ್ದು ಹೋಗಲು ಆಗಲಿಲ್ಲ. ನಿನ್ನ ದನಿ ತನಗೆ ಕೇಳಬಾರದೆಂದು ಗೋಡೆಯ ಕಡೆ ಹೊರಳಿ, ಕಿವಿಯ ಮೇಲೆ ದಿಂಬು ಇಟ್ಟುಕೊಂಡರು. ಎಂಬತ್ತಾರು ವರ್ಷದ ಮನುಷ್ಯ, ಫಿಲ್ಲೂ.

ಅವರು ಇರುವ ತನಕ ಅಂದಿದ್ದೆ. ಈಗ ಅವರಿಲ್ಲ. ಬಾ.

ಕರ್ತರು ನಿನ್ನ ಶಾಲೆಯನ್ನೂ ನಿನ್ನ ಒಂಟಿ ಮನೆಯನ್ನೂ ಹರಸಲಿ. ಮಾತೆಯ ಸೆರಗು ನಿನ್ನ ತಲೆಯ ಮೇಲಿರಲಿ.

ನಿನ್ನ ಅವ್ವ,
ಮೋನಿಕಮ್ಮ

ಮತ್ತೊಂದು ಮಾತು: ಮೇಲಿನದನ್ನೆಲ್ಲ ಬರೆದು ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಇದನ್ನು ಹೇಳದೆ ಪಾಪನಿವೇದನೆಗೆ ಕೂತರೂ ಬಾಯಿ ಬರುತ್ತಿಲ್ಲ.

ಅಪ್ಪ ನಿನ್ನ ಅರ್ಜಿ ಬರೆದಿದ್ದರು. ನೀನು ಬಂದ ಮೂರನೆಯ ಬೆಳಿಗ್ಗೆ, ನೀನಿನ್ನೂ ಎದ್ದಿರಲಿಲ್ಲ, ಟೈಪು ಮಾಡಿದ ನಾಲ್ಕು ಹಾಳೆ ತಂದು ನನ್ನ ಮುಂದೆ ಹಿಡಿದರು. "ಮೋನಿಕಾ, ನಾ ಹಾಕ್ತೀನಿ. ಆಕಿ ಕೈ ನೋಡೀಯೇನ?" ಅಂದರು. ಬೇಡ ಅಂದವಳು ನಾನು. "ಮಂದಿ ಮಕ್ಕಳಿಗೆಲ್ಲಾ ಬುದ್ಧಿ ಹೇಳಿ, ಈಗ ನಿಮ್ಮ ಮಗಳಂತ ದೇವರ ಕಟ್ಟು ಬಿಚ್ಚತೀರೇನು? ಇದನ್ನ ಹಾಕಿದ್ರ ನಾ ಚರ್ಚಿನ್ಯಾಗ ನಿಮ್ಮ ಜೋಡಿ ಪ್ರಸಾದಕ್ಕ ನಿಲ್ಲಂಗಿಲ್ಲ" ಅಂದೆ. ಹಾಳೆ ಕಸಿದು ಬಚ್ಚಲ ಒಲೆಗೆ ಹಾಕಿದೆ. ಜನ ಏನನ್ನುತ್ತಾರೋ ಎಂಬ ಹೆದರಿಕೆಗೆ ದೇವರ ಹೆಸರು ಇಟ್ಟೆ.

ಆಸ್ಪತ್ರೆಯಲ್ಲಿ ಅವರ ಕಾಲು ಹಿಡಿದುಕೊಂಡು, "ಈಗಾದ್ರೂ ಆಕಿಗೆ ಖರೇ ಹೇಳ್ತೀನ್ರಿ" ಅಂದೆ. ತಲೆ ಅಲ್ಲಾಡಿಸಿದರು. "ಬ್ಯಾಡ. ಅಪ್ಪ ಹೋದ. ಆಕಿಗೆ ಅವ್ವನಾದ್ರೂ ಇರಲಿ."

ಹನ್ನೆರಡಕ್ಕೆ ಬಾ, ಅಪ್ಪನ ಹತ್ತಿರ ಹೋಗು. ನಾನು ಅಲ್ಲಿರುವುದು ಬೇಡ ಅನ್ನಿಸಿದರೆ ರಾಯಪ್ಪನಿಗೆ ಒಂದು ಮಾತು ಹೇಳು, ನಾನು ಪೂಜೆಗೆ ಬರುವುದಿಲ್ಲ.