ಬೀಗಿತಿ ತಿನ್ನಿಸಿದ ತುತ್ತು

ಕೊಕ್-ಸಾಯ್, ನರಿನ್
ಮೇ ೧೭

ನನ್ನ ಕುರಿಮರಿ ಝಿಪಾರ್,

ಮೊದಲು ನಿನ್ನ ಆರೋಗ್ಯ ಹೇಳು. ಕಾಲಿನ ಊತ ಇಳಿಯಿತೇ? ಮಗು ಒದೆಯುತ್ತದೆಯೇ? ಬಿಷ್ಕೆಕ್ಕಿನಲ್ಲಿ ಸೆಕೆ ಶುರುವಾಗಿರಬೇಕು, ಐಸ್ ನೀರು ಕುಡಿಯಬೇಡ. ಇಷ್ಟೆಲ್ಲ ಕೇಳುವುದಕ್ಕೆ ಕಾರಣ, ನನಗೊಂದು ಕೆಟ್ಟ ಕನಸು ಬಿತ್ತು. ಕರಿ ನಾಯಿಯೊಂದು ನಮ್ಮ ಕಡಾಯಿಗೆ ಬಾಯಿ ಹಾಕಿ ಲಿವರ್ ಕಚ್ಚಿಕೊಂಡು ಓಡಿತು. ಸೌಟು ಹಿಡಿದು ಅಟ್ಟಿಸಿಕೊಂಡು ಹೋದೆ. ಅದು ಗಕ್ಕನೆ ನಿಂತು ನಮ್ಮ ಡಾಕ್ಟರಮ್ಮನ ದನಿಯಲ್ಲಿ, "ಮಾತ್ರೆಯೋ ಇಂಜೆಕ್ಷನ್ನೋ, ಬೇಗ ಹೇಳಿ" ಎಂದಿತು. ನೋಡಿದರೆ ಅದರ ಬಾಯಲ್ಲಿದ್ದದ್ದು ಕುರಿಯ ಲಿವರ್ ಅಲ್ಲ, ನನ್ನದೇ! ಎದ್ದವಳೇ ಪದ್ಧತಿಯಂತೆ ಹೊಳೆಗೆ ಹೋಗಿ ಹರಿಯುವ ನೀರಿಗೆ ಕನಸು ಹೇಳಿ ಬಂದೆ. ಆದರೆ ನಮ್ಮ ಹೊಳೆ ಬಿಷ್ಕೆಕ್ಕಿನ ಕಡೆ ಹರಿಯುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಸ್ಪೀಕರ್ ಹಾಕಿಕೊಂಡು ಕೂರುತ್ತಾನೆ, ಬೀದಿಯೆಲ್ಲ ಕೇಳಿಸಿಕೊಳ್ಳುತ್ತದೆ. ವ್ಯಾನ್ ಓಡಿಸುವ ಬೆಕ್ತೂರನ ಕೈಯಲ್ಲಿ ಬೆಣ್ಣೆಯ ಜೊತೆ ಕಳಿಸುತ್ತಿದ್ದೇನೆ. ತಪ್ಪುಗಳಿದ್ದರೆ ನಗಬೇಡ. ಏಳನೇ ಕ್ಲಾಸಿನ ನಡುವೆ ಕುರಿಗಳು ಮರಿ ಹಾಕುವ ಕಾಲ ಬಂತೆಂದು ನನ್ನನ್ನು ಶಾಲೆ ಬಿಡಿಸಿದ್ದು ನಿನಗೆ ಗೊತ್ತೇ ಇದೆ.

ಗಾಬರಿಯಾಗಬೇಡ, ಇಬ್ಬರ ಪಾಲಿನ ಗಾಬರಿಯನ್ನೂ ನಾನಾಗಲೇ ಪಟ್ಟಿದ್ದೇನೆ. ಆಸ್ಪತ್ರೆಯವರು ಊರಿಗೆ ಬಂದು ಎಲ್ಲರ ರಕ್ತ ನೋಡಿದರು. ನನ್ನದರಲ್ಲಿ ಹೆಪಟೈಟಿಸ್ ಬಿ ಸಿಕ್ಕಿತು. ಹೊಸದಲ್ಲವಂತೆ, ಹಳೆಯದು. ಸದ್ದಿಲ್ಲದೆ ಲಿವರಿನಲ್ಲಿ ಮನೆ ಮಾಡಿಕೊಂಡು ಕೂತಿದೆಯಂತೆ. "ನೀವು ಹುಟ್ಟುವಾಗಲೇ ನಿಮ್ಮ ತಾಯಿಯಿಂದ ಬಂದಿರಬಹುದು" ಎಂದರು ನಮ್ಮ ಡಾಕ್ಟರಮ್ಮ ಝಿಲ್ದಿಜ್. ಅಯ್ಯೋ, ನಮ್ಮಮ್ಮನಿಗೂ ಗೊತ್ತಿರಲಿಲ್ಲ, ಪಾಪ, ಯಾರಿಗೆ ತಾನೇ ಗೊತ್ತಿತ್ತು ಆಗ. ನಿನ್ನ ಅಪ್ಪನ ರಕ್ತ ಚೊಕ್ಕವಾಗಿದೆ. ಅಂದಿನಿಂದ ಅವನು ರೇಸ್ ಗೆದ್ದ ಕುದುರೆಯಂತೆ ಕತ್ತೆತ್ತಿ ಓಡಾಡುತ್ತಿದ್ದಾನೆ. ನಿನ್ನ ತಮ್ಮ ಎಲ್ದಿಯಾರ್ ಹುಟ್ಟುವ ಹೊತ್ತಿಗೆ ಲಸಿಕೆ ಬಂದಿತ್ತು, ಅವನದೂ ಚೊಕ್ಕ.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಏನೂ ಕೊಡದೆ ಆಗಾಗ ರಕ್ತ ನೋಡುತ್ತ ಕಾಯುವುದೂ ಒಂದು ದಾರಿ. ಆದರೆ ನನ್ನ ಲಿವರ್ ಸ್ವಲ್ಪ ಗಟ್ಟಿಯಾಗತೊಡಗಿದೆ, ಹಾಗಾಗಿ ಅದು ನನಗಲ್ಲ. ಇಂಜೆಕ್ಷನ್ನಾದರೆ ವಾರಕ್ಕೊಂದು, ಸುಮಾರು ಒಂದು ವರ್ಷ, ಆಮೇಲೆ ಮುಗಿಯಿತು. ಆದರೆ ಎಲ್ಲರಿಗೂ ನಾಟುವುದಿಲ್ಲ, ಜ್ವರ ಬರುತ್ತದೆ, ಕೂದಲು ಉದುರುತ್ತದೆ. ಮಾತ್ರೆಯಾದರೆ ದಿನಕ್ಕೊಂದು, ತೊಂದರೆ ಕಡಿಮೆ. ಆದರೆ ವರ್ಷಗಟ್ಟಲೆ, ಬಹುಶಃ ಸಾಯುವವರೆಗೂ ನುಂಗಬೇಕು. ಮನಸ್ಸಿಗೆ ಬಂದಾಗ ನಿಲ್ಲಿಸಿದರೆ ರೋಗ ತಿರುಗಿ ಬೀಳುತ್ತದೆ. "ಇಂಜೆಕ್ಷನ್ನಿಂದ ಕೆಲವರಿಗೆ ನಿದ್ದೆ ಬರಲ್ಲ, ಕಾರಣ ಇಲ್ದೆ ಚಿಂತೆ ಹತ್ತುತ್ತೆ" ಎಂದು ಅವರು ಹೇಳಿದ್ದೇ ತಡ, ನಿನ್ನ ಅಪ್ಪ ತೊಡೆ ತಟ್ಟಿಕೊಂಡು, "ಹಾಗಾದ್ರೆ ಡಾಕ್ಟ್ರೇ, ಇವಳಿಗೆ ಆ ಇಂಜೆಕ್ಷನ್ನು ತೊಟ್ಟಿಲಲ್ಲೇ ಕೊಟ್ಟಿದಾರೆ!" ಎಂದ. ಹೊರಗೆ ಬೆಂಚಿನ ಮೇಲಿದ್ದವರೂ ನಕ್ಕರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಹೌದಾ ಅಮ್ಮ? ಹಾಗಿದ್ರೆ ನಿಮಗೆ ಮಾತ್ರೇನೇ ವಾಸಿ ಅನಿಸುತ್ತೆ. ಮನೇಲಿ ಯೋಚನೆ ಮಾಡಿ ಹೇಳಿ" ಎಂದರು.

ಯೋಚನೆ ಮಾಡಿ ಎಂದು ನನಗೆ ಹೇಳಬಹುದೇ? ಬೆಂಕಿಗೆ ಉರಿ ಎಂದ ಹಾಗೆ. ಇಂಜೆಕ್ಷನ್ ಎಂದರೆ ಎಲ್ದಿಯಾರನ ಮದುವೆಯಲ್ಲಿ ಅತ್ತೆಯಾದ ನಾನು ಬೋಳುತಲೆಯಲ್ಲಿ ನಿಲ್ಲಬೇಕು. ಮಾತ್ರೆ ಎಂದರೆ ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಹೋದಾಗ ಮರೆತುಬಿಟ್ಟರೆ? ನಿನ್ನ ಸೋದರತ್ತೆ ತುರ್ಸುನಾಯ್ ಬಂದು, "ಎರಡೂ ಬೇಡ ಕಣೇ, ಬೇಸಿನ್ನಲ್ಲಿ ಜೀವಂತ ಮೀನು ಬಿಟ್ಟು ದಿಟ್ಟಿಸಿ ನೋಡು. ಕಾಮಾಲೆ ಮೀನಿಗೆ ಹೋಗುತ್ತೆ" ಎಂದಳು. ನನಗೆ ಕಾಮಾಲೆಯೇ ಇಲ್ಲ ಎಂದರೆ ಕೇಳಬೇಕಲ್ಲ. ಕುತ್ತಿಗೆ ಹಿಡಿದುಕೊಳ್ಳುವವರೆಗೂ ನೋಡುತ್ತ ಕೂತೆ. ಮೀನು ನನ್ನನ್ನು ನೋಡಿ ನೋಡಿ ಬೇಜಾರಾಗಿ ಬೆನ್ನು ತಿರುಗಿಸಿತು. ಸಂಜೆ ನಿನ್ನ ಅಪ್ಪ ಅದನ್ನು ಹುರಿಸಿಕೊಂಡು ತಿಂದ.

ಅಷ್ಟರಲ್ಲಿ ಎಲ್ದಿಯಾರನ ಸಂಬಂಧ ಗಟ್ಟಿಮಾಡಲು ಹುಡುಗಿಯ ಕಡೆಯವರು ಬಂದರು. ಅವತ್ತು ಬೀಗರು ಬೀಗರಿಗೆ ಕುರಿಯ ಬಾಲದ ಕೊಬ್ಬನ್ನೂ ಲಿವರನ್ನೂ ಸೇರಿಸಿ ಬಾಯಿಗಿಡಲೇಬೇಕಲ್ಲ. ನಮ್ಮ ಹಿರಿಯರಿಗೆ ಬೇರೆ ಅಂಗವೇ ಸಿಗಲಿಲ್ಲವೇ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಹುಡುಗಿಯ ತಾಯಿ ಸೈರಾಕಾನ್, ಎರಡಾಳು ಗಾತ್ರದ ಹೆಂಗಸು, ತುತ್ತು ಹಿಡಿದು ನನ್ನ ಮುಂದೆ ಬಂದಳು. "ಬಾಯಿ ಬಿಡಿ ಬೀಗಿತಿ" ಎಂದಳು. ಅವಳ ಬೆರಳು ನನ್ನ ತುಟಿಗೆ ತಾಗಿದರೆ ರೋಗ ಅವಳಿಗೆ ಹೋಗುತ್ತದೆ ಎಂಬ ಭಯ ಹೊಕ್ಕು, ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿಬಿಟ್ಟೆ.

ಆ ತುತ್ತು ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗೆ! ಎಲ್ದಿಯಾರ್ ಸುಣ್ಣದಂತೆ ಬಿಳಿಚಿಕೊಂಡ. ಹುಡುಗಿಯ ತಂದೆ ಹೊರಡಲೆಂದು ಟೋಪಿಗೆ ಕೈ ಹಾಕಿದರು. ನಿನ್ನ ಅಪ್ಪ, "ಬಾಯಿ ಬಿಡೇ, ದಿನಾ ಮುಚ್ಚು ಅಂದ್ರೂ ಮುಚ್ಚದೋಳು ಇವತ್ತು ಮುಚ್ಕೊಂಡಿದೀಯಲ್ಲ" ಎಂದ. ಆಗ ನನಗೆ ಅಳು ಬಂದು ಎಲ್ಲರೆದುರು ಹೇಳಿಬಿಟ್ಟೆ, "ನನಗೆ ಹೆಪಟೈಟಿಸ್ ಬಿ ಇದೆ, ನಿಮಗೆ ಅಂಟಿಸಲಾರೆ!"

ಸೈರಾಕಾನ್ ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. "ಅಷ್ಟೇನಾ? ನಂಗೂ ಇದೆ. ತುತ್ತಲ್ಲಿ, ತಟ್ಟೇಲಿ ಬರಲ್ಲ ಅದು, ರಕ್ತದಲ್ಲಿ ಬರೋದು. ಈಗ ಬಾಯಿ ಬಿಡ್ತೀರೋ, ಮೂಗಲ್ಲಿ ತುರುಕಲೋ?" ನಾನು ಬಾಯಿ ಬಿಟ್ಟೆ. ಅಷ್ಟು ದೊಡ್ಡ ತುತ್ತು ಮರಿ ಹಾಕಿದ ಹೆಣ್ಣು ಹುಲಿಗೂ ಜಾಸ್ತಿಯೇ.

ಮಾತ್ರೆ ತೆಗೆದುಕೊಳ್ಳುತ್ತ ಅವಳಿಗೆ ವರ್ಷಗಳಾದವಂತೆ. "ಸಂಜೆ ಹಸು ಮನೆಗೆ ಬಂದಾಗ ಒಂದು ನುಂಗ್ತೀನಿ. ಹಸು ದಾರಿ ಮರೀಬಹುದು, ನಾನು ಮಾತ್ರೆ ಮರೆಯಲ್ಲ" ಎಂದಳು. ನಮ್ಮ ಹಸುವಿನ ನಡತೆ ನಂಬುವಂಥದ್ದಲ್ಲ, ಆದ್ದರಿಂದ ನಾನು ಸಂಜೆಯ ಚಹಾಕ್ಕೆ ಕಟ್ಟಿಕೊಂಡಿದ್ದೇನೆ. ಹೌದು, ಮಾತ್ರೆಯೇ. ಡಾಕ್ಟರಮ್ಮನಿಗೆ ಹೇಳಿ ಬಂದೆ, ಶುರುವೂ ಆಯಿತು. ಹುಲ್ಲುಗಾವಲಿಗೆ ಡಬ್ಬಿಗಳನ್ನು ಕಟ್ಟಿಟ್ಟಿದ್ದೇನೆ. ನಿನ್ನ ಅಪ್ಪ ಚಹಾ ಇಟ್ಟ ಕೂಡಲೇ, "ನುಂಗಿದೆಯಾ?" ಎಂದು ಕೂಗುತ್ತಾನೆ. ನುಂಗಿದೆ ಎಂದರೆ ನಾಲಿಗೆ ತೋರಿಸು ಎನ್ನುತ್ತಾನೆ. ಮೊನ್ನೆ ಅವನು ಒಬ್ಬನೇ ಕೂತು ಕಣ್ಣೊರೆಸಿಕೊಳ್ಳುವುದನ್ನು ನೋಡಿದೆ. ಕೇಳಿದರೆ ಒಲೆಯ ಹೊಗೆ ಎಂದ. ಒಲೆ ಹಚ್ಚಿರಲಿಲ್ಲ.

ಅಳಿಯನಿಗೆ ನನ್ನ ಸಲಾಮು ತಿಳಿಸು. ನಿನ್ನ ಹಾದಿ ಬೆಳ್ಳಗಿರಲಿ, ನಿನ್ನ ತೊಟ್ಟಿಲು ಗಟ್ಟಿಯಾಗಿರಲಿ. ಬೆಣ್ಣೆಯನ್ನು ಬಿಸಿಲಿಗೆ ಇಡಬೇಡ.

ನಿನ್ನ ಅಮ್ಮ,
ಉಪೋಲ್

ಬೆಕ್ತೂರ್ ಹಾರ್ನ್ ಹೊಡೆಯುತ್ತಿದ್ದಾನೆ. ಮರೆತೆ, ಅಲ್ಲ, ಮರೆತಿಲ್ಲ, ಇದನ್ನು ಬರೆಯಲು ಕೈ ಬರಲಿಲ್ಲ: ಅಮ್ಮನಿಂದ ನನಗೆ ಬಂದ ಹಾಗೆ ನನ್ನಿಂದ ನಿನಗೂ ಬಂದಿರಬಹುದು. ನೀನು ಹುಟ್ಟಿದಾಗ ನಮ್ಮಲ್ಲಿ ಲಸಿಕೆ ಇರಲಿಲ್ಲ. ಸೈರಾಕಾನಳ ಹಿರಿಯ ಮಗಳಿಗೂ ಇದೆ. ಮುಂಚೆಯೇ ಗೊತ್ತಿದ್ದದ್ದರಿಂದ ಮಗು ಹುಟ್ಟಿದ ಕೂಡಲೇ ಲಸಿಕೆ ಹಾಕಿದರಂತೆ, ಮೊಮ್ಮಗ ಈಗ ಗುಂಡು ಕಲ್ಲಿನ ಹಾಗಿದ್ದಾನೆ. ರಕ್ತ ನೋಡಿದರು, ಎಲ್ಲ ಸರಿಯಿದೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಆ 'ಎಲ್ಲ'ದಲ್ಲಿ ಇದೂ ಸೇರಿತ್ತೇ? ಇನ್ನೊಮ್ಮೆ ಕೇಳಿ ನೋಡು ಮಗಳೇ.