ಗದ್ದ ಊರಿ ಕೇಳಿದ್ದು

ಬೆಟಗೇರಿ,
೧೭ ನವೆಂಬರ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗೆವ್ವಾ,

ಹೇಗಿದ್ದೀ? ಆರು ತಿಂಗಳು ತುಂಬಿತಲ್ಲ, ಕಾಲು ಬಾತಿದೆ ಎಂದಿದ್ದೆ, ಇಳಿಯಿತೇ? ಕೂಸು ಒದೆಯುತ್ತದೆಯೇ? ವಾಸ್ಕೋದಲ್ಲಿ ಬಾಯಿಗೆ ರುಚಿಯಾದದ್ದು ಏನೂ ಸಿಗುವುದಿಲ್ಲವೆಂದು ನೀನು ಗೊಣಗಿದ್ದನ್ನು ಕೇಳಿ ನಿನ್ನ ಅತ್ತಿಗೆ ರೋಜಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಕಟ್ಟಿದ್ದಾಳೆ. ಈ ಕಾಗದ ಅದೇ ಗಂಟಿನೊಳಗೆ ಬರುತ್ತದೆ. ಹಿಂಡಿಯ ಎಣ್ಣೆ ಹತ್ತಿದ್ದರೆ ಅವಳನ್ನೇ ಬೈದುಕೋ. ಹನಮಂತ ಅವರು ಹೇಗಿದ್ದಾರೆ? ಬಂದರಿನಲ್ಲಿ ರಾತ್ರಿಪಾಳಿ ತಪ್ಪಿತೇ? ಇಲ್ಲಿ ಅಪ್ಪ ಆರಾಮ. ಬೆಳಿಗ್ಗೆ ಎದ್ದು ಎಲ್ಲರ ಮೇಲೂ ಒಂದು ಸುತ್ತು ರೇಗಿದ ಮೇಲೆಯೇ ಅವನಿಗೆ ಚಹಾ ಇಳಿಯುವುದು.

ಮೊಬೈಲು ಇರುವಾಗ ಇವನಿಗೇಕೆ ಕಾಗದದ ಹುಚ್ಚು ಎಂದು ನಗುತ್ತಿದ್ದೀಯಾ? ನಗು. ಮೂರು ತಿಂಗಳಿಂದ ನೀನು ಫೋನ್ ಹಚ್ಚಿದಾಗಲೆಲ್ಲ ಎರಡು ಮಾತಾಡಿ ರೋಜಾಳ ಕೈಗೆ ಕೊಟ್ಟು ಹೊರಗೆ ಹೋಗುತ್ತೇನೆ. "ಅಣ್ಣಗ ನಮ್ಮ ಜೋಡಿ ಮಾತಾಡಾಕ ಪುರಸೊತ್ತಿಲ್ಲ" ಎಂದು ನೀನು ಸಿಟ್ಟಾಗಿದ್ದು ನನಗೆ ಗೊತ್ತು. ಅದು ಸೊಕ್ಕಲ್ಲ ತಂಗಿ. ನಿನ್ನ ಮಾತು ನನಗೆ ಕೇಳಿಸುತ್ತಿಲ್ಲ. ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಬಲಗಿವಿಯೂ ಮೊದಲಿನಂತಿಲ್ಲ. ಇಷ್ಟನ್ನು ಬರೆಯಲು ನಾಲ್ಕು ಹಾಳೆ ಹರಿದು ಹಾಕಿದೆ. ವಾಟ್ಸಾಪಿನಲ್ಲಿ ಹಾಕಿದ್ದರೆ ನೀನು ಗಾಬರಿಯಾಗಿ ಆ ಕ್ಷಣವೇ ಫೋನ್ ಹಚ್ಚುತ್ತಿದ್ದೆ, ನಾನು ಮತ್ತೆ ಹಾಂ, ಹಾಂ ಎನ್ನುತ್ತಾ ಕೂರಬೇಕಿತ್ತು. ಅದಕ್ಕೇ ಕಾಗದ. ಕುಳಿತುಕೊಂಡು ಸಾವಕಾಶ ಓದು. ರೋಜಾಗೆ ಈಗ ಗೊತ್ತಿದೆ, ಅಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ.

ಮೊದಲಿನಿಂದ ಹೇಳುತ್ತೇನೆ. ನನ್ನ ಬೇಸ್ ಗಿಟಾರಿನ ಹುಚ್ಚು ನಿನಗೆ ಗೊತ್ತಿದ್ದದ್ದೇ. ನಾಲ್ಕು ದಪ್ಪ ತಂತಿ, ಬಾಗಿಲ ಅಗುಳಿಯಷ್ಟು ಉದ್ದದ ಕುತ್ತಿಗೆ, ಕೇಳುವವರು ಯಾರೂ ಇಲ್ಲದ ದನಿ. ಹಾಡಿದವನಿಗೆ ಚಪ್ಪಾಳೆ, ತಬಲಾದವನಿಗೆ ಶಾಭಾಸ್, ನಮಗೆ ಮಾತ್ರ "ಅವ ಮೂಲ್ಯಾಗ ನಿಂತು ಏನ್ ಮಾಡಾಕತ್ತಾನ?" ಗದಗಿನಲ್ಲಿ ಹಾರ್ಮೋನಿಯಂ, ತಬಲಾ ಮಾರುವ ಅಂಗಡಿಯೊಂದಿದೆ. ಬೇಸ್ ತಂತಿ ಬೇಕೆಂದು ಕೇಳಿದರೆ ಆ ಯಜಮಾನರು ತರಿಸಿಕೊಡುತ್ತಿದ್ದರು. ಒಮ್ಮೆ ಅವರೇ ಹೇಳಿದರು: "ನಿಮ್ಮಂಥಾ ಹುಚ್ಚರು ಇನ್ನ ಇಬ್ರ ಅದಾರ್ರಿ, ಒಬ್ಬ ಲಕ್ಷ್ಮೇಶ್ವರದಾಗ, ಒಬ್ಬ ಮುಂಡರಗಿಯೊಳಗ. ಮೂರೂ ಮಂದಿ ಕೂಡಿ ತರಿಸ್ರಿ." ಹಾಗೆ ಕೂಡಿದವರು ನಾವು. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮೊಹಸಿನ, ಮುಂಡರಗಿಯಲ್ಲಿ ಸಾಲಿ ಮಾಸ್ತರನಾಗಿರುವ ಕೊಟ್ರೇಶ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ನಾನು. ಮೂರು ಬೇಸ್, ಹಾಡುವವನು ಒಬ್ಬನೂ ಇಲ್ಲ! ಹದಿನೈದು ದಿನಕ್ಕೊಂದು ಭಾನುವಾರ ಒಬ್ಬೊಬ್ಬರ ಊರಿನಲ್ಲಿ ಸೇರಿ ಸಂಜೆತನಕ ಗುಂಯ್‌ಗುಟ್ಟುತ್ತೇವೆ. ಯಾರ ತಂತಿ ಯಾವುದು, ಯಾರ ಬೆರಳಿಗೆ ಎಷ್ಟು ಜಡ್ಡು ಬಿದ್ದಿದೆ, ಇದೇ ನಮ್ಮ ಮಾತು. ಹೊಸ ತಂತಿ ತುಟ್ಟಿಯಾದ್ದರಿಂದ ಹಳೆಯದನ್ನೇ ಬಿಚ್ಚಿ ನೀರಿನಲ್ಲಿ ಕುದಿಸುತ್ತೇವೆ. ಕೊಳೆ ಬಿಟ್ಟು ದನಿ ಮತ್ತೆ ಎದ್ದು ಬರುತ್ತದೆ. ರೋಜಾ ಮಾತ್ರ ಉರಿದು ಬೀಳುತ್ತಾಳೆ: "ಸಾರಿನ ಪಾತ್ರೇದಾಗ ತಂತಿ ಕುದಸಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ? ನಾಳೆ ಇದರಾಗ ಬ್ಯಾಳಿ ಬೇಯಿಸಿದ್ರ ನೀವ ಒಬ್ರ ಉಣ್ರಿ."

ಜೂನ್ ತಿಂಗಳಲ್ಲಿ ನನ್ನ ಎಲ್ಲಕ್ಕಿಂತ ದಪ್ಪ ತಂತಿ ಸತ್ತುಹೋಯಿತು. ಅಂದರೆ, ಸತ್ತಿದೆ ಎಂದುಕೊಂಡೆ. ಬಾರಿಸಿದರೆ ಬೆರಳಿಗೆ ನಡುಕ ತಿಳಿಯುತ್ತದೆ, ದನಿ ಮಾತ್ರ ಇಲ್ಲ. ಒಮ್ಮೆ ಕುದಿಸಿದೆ, ಎರಡು ಸಲ ಕುದಿಸಿದೆ, ಮೂರನೆಯ ಸಲಕ್ಕೆ ಪಾತ್ರೆಯ ತಳ ಕಪ್ಪಾಯಿತು, ರೋಜಾ ಎರಡು ದಿನ ಮಾತು ಬಿಟ್ಟಳು. ತಂತಿಯದಲ್ಲ, ಸ್ಪೀಕರಿನದೇ ದೋಷ ಎಂದು ಅದನ್ನೂ ಬಿಚ್ಚಿ ಜೋಡಿಸಿದೆ. ಜುಲೈನಲ್ಲಿ ಮೊಹಸಿನನ ಅಂಗಡಿಯಲ್ಲಿ ಕೂತಾಗ ಅವನ ಆಂಪ್ಲಿಫೈಯರಿನಲ್ಲೂ ಅದೇ ಕಥೆ. ದನಿ ಸಾಲದು, ಸಾಲದು ಎಂದು ಗುಂಡಿ ತಿರುಗಿಸುತ್ತಲೇ ಹೋದೆ. ಕಣ್ಣು ಮುಚ್ಚಿ ಬಾರಿಸುತ್ತಿದ್ದವನನ್ನು ಮೊಹಸಿನ ಭುಜ ಹಿಡಿದು ಅಲ್ಲಾಡಿಸಿದ. "ಲೇ ಸೋಮ್ಯಾ, ತಗ್ಗಸಲೇ! ಮ್ಯಾಜಿನ ಮ್ಯಾಲೆ ಕತ್ತರಿ ಕುಣ್ಯಾಕತ್ತೈತಿ, ನಿನಗ ಕೇಳಸವಲ್ತೇನ?" ನೋಡಿದೆ. ಕತ್ತರಿ ಖರೇನೇ ಸರಿದು ಸರಿದು ಮೇಜಿನ ಅಂಚಿಗೆ ಬಂದಿತ್ತು. ಎದುರು ಅಂಗಡಿಯವರು ಹೊರಗೆ ಬಂದು ನಿಂತಿದ್ದರು. ನಾನು ನಕ್ಕೆ. ಆದರೆ ಬಸ್ಸಿನಲ್ಲಿ ಬರುವಾಗ ಗದಗ ಮುಟ್ಟುವ ತನಕ ಕಂಡಕ್ಟರನ ಸೀಟಿಗೆ ಕಿವಿಗೊಟ್ಟು ಕೂತಿದ್ದೆ.

ಅಲ್ಲಿಂದ ಹೆದರಿಕೆ ಹೊಕ್ಕಿತು ನೋಡು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಿವಿಯ ಹತ್ತಿರ ಬೆರಳು ಉಜ್ಜಿ ನೋಡುವುದು, ಕುಕ್ಕರಿನ ಸೀಟಿ ಎಣಿಸುವುದು. ಪಕ್ಕದ ಮನೆಯ ನೇಕಾರ ಅಂಬರೀಶನ ಮಗ್ಗದ ಸದ್ದು ಒಂದು ವಾರ ಕೇಳಿಸಲಿಲ್ಲ. ಪಾಪ, ನೂಲು ಸಿಗಲಿಲ್ಲವೇನೋ ಎಂದು, "ಯಾಕೋ, ಮಗ್ಗ ನಿಲ್ಲಿಸೀಯಲ್ಲ?" ಎಂದೆ. ಅವನು ನನ್ನನ್ನೇ ದಿಟ್ಟಿಸಿ, "ಏನ್ ಸೋಮಣ್ಣ, ಮುಂಜಾನಿಂದ ಬಡ್ಯಾಕತ್ತೇನಲ್ಲ" ಎಂದ. ಆಮೇಲೆ ಹಿರೇವಡ್ಡಟ್ಟಿಯ ರೈತರೊಬ್ಬರಿಗೆ ಮೋಟಾರು ಸರಿಮಾಡಿ ಕೊಟ್ಟಿದ್ದೆ. ಬೇರಿಂಗು ಗುಂಯ್‌ಗುಡುತ್ತಿದ್ದರೂ ನನಗೆ ತಿಳಿಯದೆ ಕಳಿಸಿಬಿಟ್ಟಿದ್ದೆ, ನಾಲ್ಕೇ ದಿನಕ್ಕೆ ಹೊತ್ತು ತಂದರು. "ಈ ಸದ್ದು ಅರ್ಧ ಊರಿಗೆ ಕೇಳತೈತಿ, ನಿಮಗ ಕೇಳಲಿಲ್ಲೇನ್ರಿ?" ಹದಿನಾರು ವರ್ಷದ ಕೆಲಸದಲ್ಲಿ ಆ ಮಾತು ನನಗೆ ಯಾರೂ ಅಂದಿರಲಿಲ್ಲ. ಅವರ ಮುಂದೆಯೇ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಊರಿ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ. ಮೋಟಾರು ಸುತ್ತುವವರೆಲ್ಲ ಮಾಡುವುದೇ ಅದು. ಅಬ್ಬಾ, ಎಷ್ಟು ಸ್ಪಷ್ಟ! ಕಿವಿ ಕೆಟ್ಟಿದ್ದರೆ ಇದು ಹೇಗೆ ಕೇಳುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆಯಲ್ಲೂ ಹಾಗೆಯೇ. ಆಂಪ್ಲಿಫೈಯರ್ ಹಚ್ಚದೆ, ಗಿಟಾರಿನ ಮೈಯಿಂದ ಚಾಚಿದ ಕೊಂಬಿನ ಮೇಲೆ ಗದ್ದ ಊರಿ ಬಾರಿಸಿದರೆ ಸತ್ತ ತಂತಿಯೂ ತಲೆಯೊಳಗೆ ತುಂಬಿ ಬರುತ್ತಿತ್ತು. ನಾನು ಚೆನ್ನಾಗಿಯೇ ಇದ್ದೇನೆ, ಊರಿನ ಸ್ಪೀಕರುಗಳೇ ಕೆಟ್ಟಿವೆ ಎಂದುಕೊಂಡ ಮೂರ್ಖ ನಿನ್ನ ಅಣ್ಣ.

ಸೆಪ್ಟೆಂಬರಿನಲ್ಲಿ ರೋಜಾ ಒಂದು ಮಾತಂದಳು. "ಯಾಕ್ರಿ, ಇತ್ತಿತ್ಲಾಗ ಭಾಳ ಮೆತ್ತಗ ಮಾತಾಡಾಕತ್ತೀರಿ, ಏನ್ ತಪ್ಪ ಮಾಡೀರಿ?" ಅವಳು ಚೇಷ್ಟೆಗೆ ಅಂದದ್ದು. ಮೆತ್ತಗೆ ಮಾತಾಡುತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ. ಅವ್ವ. ನೆನಪಿದೆಯಲ್ಲ? ನೀನು ಹುಟ್ಟಿದ ಮೇಲೆ ಅವ್ವನ ಕಿವಿ ಮಂದವಾಯಿತಂತೆ, ಆದರೆ ಕಿವುಡರ ಹಾಗೆ ಕೂಗಿ ಮಾತಾಡಿದ್ದು ನಾವು ಕೇಳಿಯೇ ಇಲ್ಲ. ಪಕ್ಕದಲ್ಲಿ ಕೂತವರೂ ಬಗ್ಗಿ ಕೇಳಬೇಕಿತ್ತು. ಮೇಲಾಗಿ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ನಿಂತು ಹೆಂಗಸರ ಜೊತೆ ಚೆನ್ನಾಗಿ ಹರಟುತ್ತಿದ್ದಳು. ಅದಕ್ಕೇ ಅಪ್ಪ, "ಸೋಗು ಮಾಡ್ತಾಳ, ಬೇಕಾದ್ದಷ್ಟ ಕೇಳಸತೈತಿ ಆಕೀಗ" ಎನ್ನುತ್ತಿದ್ದದ್ದು. ನಾವೂ ನಂಬಿದ್ದೆವು. ರೋಜಾಳ ಆ ಒಂದು ಮಾತಿನಿಂದ ನನಗೆ ಅವ್ವನ ಇಪ್ಪತ್ತೈದು ವರ್ಷ ಕಣ್ಣಮುಂದೆ ಬಂದು ನಿಂತವು, ಮುಂದಿನ ನನ್ನ ವರ್ಷಗಳೂ ನಿಂತವು. ಕರೆದರೆ ತಿರುಗಿ ನೋಡದೆ, ಎಲ್ಲರೂ ನಗುವಾಗ ಸುಮ್ಮನೆ ನಗುತ್ತಾ ಕೂತಿರುವ ಮನುಷ್ಯ. ಮೋಟಾರಿಲ್ಲ, ಗಿಟಾರಿಲ್ಲ.

ದೀಪಾವಳಿಗೆ ಮುಂಚೆ ಮೊಹಸಿನ ಅಂಗಡಿಗೆ ಬೀಗ ಹಾಕಿ ಬಂದು ನನ್ನನ್ನು ಹುಬ್ಬಳ್ಳಿಗೆ ಎಳೆದೊಯ್ದ. "ನಿನ್ನ ಹೆಂಡತಿಗೆ ಹೇಳವಲ್ಲಿ, ನನಗರ ಹೇಳಲೇ" ಎಂದು ಬೈದು ಬೈದು ಬಾಯಿ ಬಿಡಿಸಿದ್ದು ಅವನೇ. ಕಿವಿಯ ಡಾಕ್ಟರು ಹೆಣ್ಣುಮಗಳು, ಸಮಾಧಾನದವರು. ಬಡಿದರೆ ಗುಂಯ್‌ಗುಡುವ, ಚಿಮಟದಂಥ ಉಕ್ಕಿನ ಕವಲುಕಡ್ಡಿಯೊಂದನ್ನು ತಮ್ಮ ಮೊಣಕಾಲಿಗೆ ಬಡಿದು ನನ್ನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದನ್ನೇ ಕಿವಿಯ ಹಿಂದಿನ ಎಲುಬಿಗೆ ಊರಿದರು. ತಲೆಯೊಳಗೆ ಗುಂಯ್ ಎಂದಿತು. ಥೇಟ್ ನನ್ನ ತಂತಿ! ನಾನು ಸ್ಕ್ರೂಡ್ರೈವರು, ಗದ್ದ, ಗಿಟಾರು ಎಲ್ಲ ಹೇಳಿದಾಗ ಅವರು ನಕ್ಕು, "ರೋಗ ನೀವ ಕಂಡುಹಿಡದೀರಿ, ಆದ್ರ ನಿಮಗ ತಿಳಿದಿಲ್ಲ ಅಷ್ಟ" ಎಂದರು. ಕಿವಿಯ ನರ ಚೆನ್ನಾಗಿದೆಯಂತೆ. ಒಳಗೆ ಅಕ್ಕಿಕಾಳಿನಷ್ಟು ಸಣ್ಣ ಎಲುಬೊಂದು ಅಲುಗಾಡದೆ ಅಂಟಿಕೊಂಡಿದೆ, ಅದಕ್ಕೇ ಹೊರಗಿನ ಸದ್ದು ಒಳಗೆ ದಾಟುವುದಿಲ್ಲ. ಮೊದಲು ಹೋಗುವುದು ದಪ್ಪ ದನಿಗಳೇ. ತಮ್ಮ ಮಾತು ತಮಗೆ ಜೋರಾಗಿ ಕೇಳುವುದರಿಂದ ಇಂಥವರು ಮೆತ್ತಗೆ ಮಾತಾಡುತ್ತಾರಂತೆ. ಗದ್ದಲದ ಜಾಗದಲ್ಲಿ ಎದುರಿನವರು ಕೂಗುವುದರಿಂದ ಅಲ್ಲಿ ಚೆನ್ನಾಗಿ ಕೇಳುತ್ತದಂತೆ. "ಮನೆತನದಾಗ ಯಾರಿಗರ ಇತ್ತೇನ್ರಿ?" ಎಂದು ಕೇಳಿದರು. ಅವ್ವನ ಸಂಗತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಕಾಣದೆ ಖಾತ್ರಿ ಹೇಳಲಾರೆ, ಆದರೆ ಬಹುಶಃ ಅದೇ ಇರಬೇಕು ಎಂದರು. ರಕ್ತದಲ್ಲಿ ಬರುವಂಥದ್ದು, ಬಸುರಿಯರಲ್ಲಿ ಕೆಲವರಿಗೆ ಹೆಚ್ಚಾಗುತ್ತದೆ ಎಂದೂ ಹೇಳಿದರು. ಅವ್ವನದೂ ಆಪರೇಶನ್ನಿಗೆ ಸರಿಹೋಗುತ್ತಿತ್ತೇನೋ ಎಂದರು.

ಸರಿಹೋಗುತ್ತಿತ್ತೇನೋ! ವನಿತಾ, ಆ ಗಿಟಾರು ಮನೆಗೆ ತಂದ ಮೊದಲ ದಿನ ನೆನಪು ಮಾಡಿಕೋ. ನಾನು ಪಡಸಾಲೆಯಲ್ಲಿ ಕೂತು ಬಾರಿಸುತ್ತಿದ್ದೆ. ಅವ್ವ ಮುಸುರೆ ಕೈ ಒರೆಸಿಕೊಂಡು ಬಂದು, ಬಗ್ಗಿ, ಕೊಂಬಿನ ಮೇಲೆ ಗದ್ದ ಇಟ್ಟಳು. ಮುಖವೆಲ್ಲ ಅರಳಿತು. "ಕೇಳಸಾಕತ್ತೈತಲೇ ಸೋಮ್ಯಾ! ಗುಂಯ್ ಅನ್ನಾಕತ್ತೈತಿ!" ಅಪ್ಪ, "ಕರದ್ರ ಕೇಳೂದಿಲ್ಲ, ತಂತಿ ಕೇಳತೈತೇನ ಇಕೀಗ?" ಎಂದ. ನೀನು ನಕ್ಕೆ, ನಾನೂ ನಕ್ಕೆ. ಮಗನ ಮೇಲಿನ ಮಾಯೆಗೆ ಹಾಗೆ ಹೇಳುತ್ತಾಳೆ ಎಂದುಕೊಂಡೆವು. ಆಮೇಲೆ ಐದು ವರ್ಷ, ಸಾಯುವ ತನಕ, ಸಂಜೆ ದೀಪ ಹಚ್ಚಿ ಬಂದು ಒಂದು ಗಳಿಗೆ ಗದ್ದ ಊರಿ ಕೂರುತ್ತಿದ್ದಳು. "ಸರಿಯವ್ವಾ, ತಾಳ ತಪ್ಪತೈತಿ" ಎಂದು ನಾನು ಎಷ್ಟೋ ಸಲ ಎಬ್ಬಿಸಿದ್ದೇನೆ. ಅವಳಿಗೆ ಖರೇ ಕೇಳಿಸುತ್ತಿತ್ತು ತಂಗಿ. ಮನೆಯಲ್ಲಿ ಅವಳಿಗೆ ನೆಟ್ಟಗೆ ಕೇಳಿಸುತ್ತಿದ್ದದ್ದು ಅದೊಂದೇ ಇರಬೇಕು. ನಮಗೆ ದಿನವೂ ಹೇಳುತ್ತಿದ್ದಳು, ನಾವು ನಗುತ್ತಿದ್ದೆವು. ಇದನ್ನು ಬರೆಯುವಾಗ ಕಣ್ಣೀರು ಹಾಳೆಯ ಮೇಲೆ ಬಿತ್ತು. ಇಲ್ಲಿ ಅಕ್ಷರ ಅಳಿಸಿದ್ದು ಹಿಂಡಿಯ ಎಣ್ಣೆಯಿಂದಲ್ಲ.

ಬರುವ ಶುಕ್ರವಾರ, ಇಪ್ಪತ್ತೆರಡಕ್ಕೆ, ನನ್ನ ಎಡಗಿವಿಯ ಆಪರೇಶನ್. ಎಚ್ಚರ ಇರುವಾಗಲೇ ಮಾಡುತ್ತಾರಂತೆ, ಅಂಟಿದ ಎಲುಬಿನ ಜಾಗದಲ್ಲಿ ಕೂದಲಿನಂಥ ಒಂದು ಕಡ್ಡಿ ಕೂರಿಸುತ್ತಾರಂತೆ. ನೂರರಲ್ಲಿ ತೊಂಬತ್ತು ಮಂದಿಗೆ ಚೆನ್ನಾಗಿ ಕೇಳುತ್ತದೆ, ಒಬ್ಬಿಬ್ಬರಿಗೆ ಇದ್ದದ್ದೂ ಹೋಗಬಹುದು, ನರವೇ ಸತ್ತರೆ ಗದ್ದ ಊರಿದರೂ ಕೇಳಿಸದು ಎಂದು ಬಚ್ಚಿಡದೆ ಹೇಳಿದರು. ತೊಂಬತ್ತು ಎಂಬುದು ನನ್ನ ತಲೆಯಲ್ಲಿ ನಿಲ್ಲುವುದೇ ಇಲ್ಲ, ಆ ಒಬ್ಬಿಬ್ಬರೇ ದಿನವಿಡೀ ಎದುರಿಗೆ ಬಂದು ಕೂರುತ್ತಾರೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಭಾಳ ಹೆದರಿಕೆಯಾಗಿದೆ. ಇವತ್ತು ಬೆಳಿಗ್ಗೆ ಮೊಹಸಿನ, ಕೊಟ್ರೇಶ ಇಬ್ಬರೂ ಬಂದಿದ್ದರು. ಯಾವ ವಯರನ್ನೂ ಚುಚ್ಚಲಿಲ್ಲ. "ಇವತ್ತ ನಾವೂ ಹಿಂಗ ಕೇಳತೇವಿ" ಎಂದು ಮೂವರೂ ನಮ್ಮ ನಮ್ಮ ಗಿಟಾರಿನ ಮೇಲೆ ಗದ್ದ ಊರಿ ಒಂದು ತಾಸು ಬಾರಿಸಿದೆವು. ರೋಜಾ ಚಹಾ ಹಿಡಿದು ಬಂದು ಬಾಗಿಲಲ್ಲೇ ನಿಂತಳು. ತಲೆ ತಗ್ಗಿಸಿ ಕೂತ ಮೂರು ಗಂಡಸರು, ಚೂರೂ ಸದ್ದಿಲ್ಲ. "ಯಾರರ ಹೋದರೇನ್ರಿ?" ಎಂದಳು. ನಕ್ಕು ನಕ್ಕು ಕೊಟ್ರೇಶನ ಚಹಾ ಚೆಲ್ಲಿತು.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಹನಮಂತ ಅವರಿಗೆ ನನ್ನ ನಮಸ್ಕಾರ. ಹೊಟ್ಟೆಯೊಳಗಿನ ಕೂಸಿಗೆ ಸೋದರಮಾವನ ಮುದ್ದು. ಅವ್ವನ ಪುಣ್ಯ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅಣ್ಣ,
ಸೋಮೇಶ

ತಾ.ಕ. ಗಂಟು ಕಟ್ಟಲು ರೋಜಾ ಅವಸರ ಮಾಡುತ್ತಿದ್ದಾಳೆ. ಇಷ್ಟುದ್ದ ಬರೆದರೂ ಬರೆಯಬೇಕಾದದ್ದನ್ನೇ ಬರೆದಿಲ್ಲ, ಕೈ ಏಳಲಿಲ್ಲ. ದಸರೆಗೆ ನೀವು ಬಂದಾಗ ಹನಮಂತ ಅವರು ಕಟ್ಟೆಯ ಮೇಲೆ ಕೂತು ಹೇಳಿದರು: "ನಿಮ್ಮ ತಂಗಿ ಭಾಳ ಸುಧಾರಿಸ್ಯಾಳ್ರಿ. ಮೊದಲ ಎಷ್ಟ ಬಾಯಿ ಇತ್ತು! ಈಗ ಎಷ್ಟ ಮೆತ್ತಗ ಮಾತಾಡ್ತಾಳಂದ್ರ ನಾನ ಬಗ್ಗಿ ಕೇಳಬೇಕು." ಎಲ್ಲರೂ ನಕ್ಕೆವು, ಅಪ್ಪ ಮೀಸೆ ತಿರುವಿದ. ನೀನು ನಮಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದೆ. ಎರಡು ಸಲ ನಿನ್ನ ಹೆಸರು ಹಿಡಿದು ಕರೆದೆ, ನೀನು ತಿರುಗಲಿಲ್ಲ. ಈ ಹಾಳೆ ಕೆಳಗಿಡುವ ಮೊದಲು ಬಾಯಿ ಮುಚ್ಚಿ ಮೆಲ್ಲಗೆ, ಉದ್ದಕ್ಕೆ ಹೂಂ ಎನ್ನು. ದನಿ ತಲೆಯ ನಡುವೆ ನಿಲ್ಲುತ್ತದೋ, ಒಂದು ಕಿವಿಗೆ ಸರಿಯುತ್ತದೋ ನೋಡು. ನನಗೆ ಕೆಟ್ಟ ಕಿವಿಯ ಕಡೆಗೇ ಸರಿಯುತ್ತದೆ. ಸರಿಯದಿದ್ದರೂ ನಾಳೆಯೇ ಕಿವಿ ತೋರಿಸಿಕೊಂಡು ಬಾ, ಬಾಣಂತನ ಮುಗಿಯಲಿ ಎನ್ನಬೇಡ. ನಿನ್ನನ್ನು ನೋಡಿ ಯಾರೂ ನಗಬಾರದು. ಫೋನ್ ಹಚ್ಚಬೇಡ. ಎಡ, ಬಲ, ನಡು, ಯಾವುದೋ ಅದೊಂದೇ ಶಬ್ದ ವಾಟ್ಸಾಪಿನಲ್ಲಿ ಬರೆದು ಕಳಿಸು, ಶುಕ್ರವಾರದೊಳಗೆ.