ಹನ್ನೊಂದು ಗಂಟೆಯ ಪಾರ್ಸಲ್

ಫೆಬ್ರುವರಿ 5, 2006. ಭಾನುವಾರ

ನಿತೇಶನ ಜೊತೆ ಎರಡನೇ ಭೇಟಿ. ಕಾರವಾರ ಬಸ್ ಸ್ಟ್ಯಾಂಡ್ ಹಿಂದಿನ ಹೋಟೆಲ್. ಹನ್ನೊಂದಕ್ಕೂ ಬನ್ಸ್ ಬಿಸಿಯಾಗಿ ಸಿಗುವ ಜಾಗ ಇದೊಂದೇ ಅಂದ ನಿತೇಶ. ನಿಜ. ಜೊತೆಗಿನ ತೆಳು ಪಲ್ಯ, ಪಾತಳಭಾಜಿಯೂ ಹದ. ಚಹಾ ಮಾತ್ರ ಪಾಯಸ.

ಅವನು ಅಂಕೋಲೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಶನಿವಾರ ನೈಟ್ ಡ್ಯೂಟಿ. ಮಲಗಿ ಎದ್ದು ಬರುವಾಗ ತಿಂಡಿಗೆ ತಡ, ಊಟಕ್ಕೆ ಬೇಗ. ನಮ್ಮ ಆಫೀಸಿಗೆ ಬರುವ ನೇವಿ ಹೆಂಗಸರು ಇದಕ್ಕೆ ಬ್ರಂಚ್ ಅನ್ನುತ್ತಾರೆ. ಕೋಡಿಬಾಗದ ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಬೇಡ ಅಂದವಳು ನಾನೇ. ಹದಿನಾಲ್ಕು ಸಲ ಶಿರಾ ಮಾಡಿ, ಬಡಿಸಿ, ತಲೆ ತಗ್ಗಿಸಿ ನಿಂತದ್ದು ಸಾಕು. ಮೂವತ್ತೇಳಾಯಿತು. ಇನ್ನು ಯಾರೋ ಮಾಡಿದ್ದನ್ನು ಕೂತು ತಿನ್ನುವುದೇ.

ಅವನ ಹೆಂಡತಿ ಹೀರಾ ತೀರಿಕೊಂಡು ಮೂರು ವರ್ಷ. ಹೆಚ್ಚು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಏಳುವಾಗ ಒಂದು ಪ್ಲೇಟ್ ಪಾರ್ಸಲ್ ಕಟ್ಟಿಸಿಕೊಂಡ. ಸಂಜೆಗಿರಬೇಕು.

ಫೆಬ್ರುವರಿ 12. ಭಾನುವಾರ

ಅವರ್ಸಾ. ರಸ್ತೆ ಬದಿ ಮಾಡು, ನಾಲ್ಕು ಬೆಂಚು, ಬೋರ್ಡೂ ಇಲ್ಲ. ಕುಚಲಕ್ಕಿ ಗಂಜಿ, ಒಣ ಶೆಟ್ಲಿ ಮೀನಿನ ಚಟ್ನಿ, ಮಾವಿನ ಮಿಡಿ. ಎರಡು ಸಲ ಹಾಕಿಸಿಕೊಂಡೆ. ನಾಚಿಕೆ ಆಗಲಿಲ್ಲ. ಹಾಸಿಗೆ ಹಿಡಿದ ಅಪ್ಪನಿಗೆ ಒಂಬತ್ತು ವರ್ಷ ಗಂಜಿ ಕುಡಿಸಿದೆ. ನನ್ನದು ಯಾವಾಗಲೂ ಆರಿದ ಮೇಲೆ. ಇಂದು ಬಟ್ಟಲಿನಿಂದ ಹಬೆ ಏಳುತ್ತಿತ್ತು... ಯಾರಿಗೆ ಕೈ ಮುಗಿಯಬೇಕೋ ತಿಳಿಯಲಿಲ್ಲ. ಬಡಿಸಿದ ಹೆಂಗಸಿಗೇ ಮುಗಿದೆ. ನಕ್ಕಳು.

ಮತ್ತೆ ಪಾರ್ಸಲ್. ಗಂಜಿಯದ್ದೂ. ಡಬ್ಬಿ ಮನೆಯಿಂದಲೇ ತಂದಿದ್ದಾನೆ.

‘ಯಾರಿಗೆ?’ ಅಂದೆ.

‘ಮನೆಗೆ’ ಅಂದ.

ಮನೆಯಲ್ಲಿ ಅವನೊಬ್ಬನೇ ಅಂತ ಸಂಬಂಧ ತಂದ ಬೀರಣ್ಣ ಹೇಳಿದ್ದ. ಒಬ್ಬನೇ ಇರುವವನಿಗೆ ಇಷ್ಟು ಗಂಜಿ ಎಂತಕ್ಕೆ?

ಫೆಬ್ರುವರಿ 19. ಭಾನುವಾರ

ಇಂದು ಮಾನ ಹೋಯಿತು. ನನ್ನದಲ್ಲ, ಅವನದ್ದು. ಅಂಕೋಲೆ ಪೇಟೆಯಲ್ಲಿ ಒಳ್ಳೇ ಮಿಸಳ್ ಸಿಗುತ್ತದೆ ಅಂತ ಕರೆದೊಯ್ದ. ಅಲ್ಲಿ ನೋಡಿದರೆ ಮೊಬೈಲ್ ಅಂಗಡಿ. ಪಕ್ಕದ ಟೇಲರ್, ‘ಆ ಹೋಟೆಲ್ ಬಂದ್ ಆಗಿ ಆರು ವರ್ಷ ಆಯ್ತಲ್ಲ ಮಾರಾಯಾ’ ಅಂದ.

ಸ್ವಂತ ಊರಿನ ಹೋಟೆಲ್ ಗೊತ್ತಿಲ್ಲವೇ ಅಂತ ಗದರಿದೆ. ಆಗ ಬಾಯಿ ಬಿಟ್ಟ.

‘ನಂಗೆ ಹೋಟೆಲೆಲ್ಲ ಗೊತ್ತಿಲ್ರಿ. ಹೀರಾನ ಆಯಿ ಹೇಳಿ ಕಳಿಸ್ತಾರೆ. ಸೋಮಿ ಆಯಿ. ಇಪ್ಪತ್ತು ವರ್ಷ ಖಾನಾವಳಿಗಳಲ್ಲಿ ಅಡಿಗೆ ಮಾಡಿದವ್ರು. ಈಗ ಕಣ್ಣು ಸಮ ಕಾಣೂದಿಲ್ಲ, ಹೊರಗೆ ಬರೂದಿಲ್ಲ. ನೀವು ತಿಂದದ್ದನ್ನೇ ಕಟ್ಟಿಸ್ಕೊಂಡು ಬಾ ಅಂತಾರೆ. ನಿಮ್ಗೆ ಚಲೋದು ಸಿಕ್ತೋ ಇಲ್ವೋ ನೋಡ್ಬೇಕಂತೆ.’

ಡಬ್ಬಿ ಕೈಯಿಂದ ಕೈಗೆ ಬದಲಿಸಿ, ‘ಅವ್ರು ನನ್ ಜೊತೆಗೇ ಇರ್ತಾರೆ. ಮುಂದೂ. ಮೊದ್ಲೇ ಹೇಳ್ಬೇಕಿತ್ತು’ ಅಂದ.

ಹೌದು, ಹೇಳಬೇಕಿತ್ತು. ಸಿಟ್ಟು ಬಂತು. ಬಸ್ಸು ಅರಗಾ ದಾಟುವ ತನಕ ಇತ್ತು. ಆಮೇಲೆ ಬೇರೆ ಏನೋ. ಮಗಳು ಹೋದ ಜಾಗಕ್ಕೆ ಬರುವವಳು ನಾನು. ನನಗೆ ಬಿಸಿ ಬನ್ಸ್ ಸಿಗಲಿ ಅಂತ ಆ ಮುದುಕಿ ಕೂತು ಯೋಚನೆ ಮಾಡುತ್ತಾಳೆ. ನಾನೇನು ತಿಂದೆ ಅಂತ ಇಷ್ಟು ವರ್ಷ ಯಾರು ಕೇಳಿದ್ದರು?

ಫೆಬ್ರುವರಿ 20

ಮನೆಯಲ್ಲಿ ಹೇಳಿದೆ. ಸೋಮಣ್ಣನ ಮುಖ ಕೆಂಪಾಯಿತು. ‘ಮೊದ್ಲ ಹೆಂಡ್ತಿ ತಾಯಿ ಇರೂ ಮನೆಗೆ ತಂಗೀನ ಕೊಡ್ಲಾ? ಹೋಳಿ ಒಳಗೆ ಹೌದು ಅಲ್ಲ ಹೇಳ್ಬಿಡು. ಅವ್ರನ್ನೂ ಕಾಯಿಸೂದು ಬೇಡ.’

ಕಲಾವತಿ ಅತ್ತಿಗೆ ಕೆಟ್ಟವಳಲ್ಲ. ಆದರೂ ಅಂದಳು: ‘ನೀ ಉಪ್ಪು ಹಾಕಿದ್ರೆ, ನನ್ ಮಗ್ಳು ಇಷ್ಟು ಹಾಕ್ತಿರ್ಲಿಲ್ಲ ಅಂತಾರೆ. ದಿನಾ ಕೇಳ್ಕಂಡು ಇರ್ತೀಯಾ?’

ಗೊತ್ತಿಲ್ಲ.

ಮಾರ್ಚ್ 8. ಬುಧವಾರ

ಎರಡು ಭಾನುವಾರ ಹೋಗಲಿಲ್ಲ. ಮನೆಯಲ್ಲೇ ಉಪ್ಪಿಟ್ಟು. ನುಂಗಲಿಕ್ಕೆ ಆಗಲಿಲ್ಲ.

ಇಂದು ಅರ್ಧ ದಿನ ರಜೆ ಹಾಕಿ ಅಂಕೋಲೆಗೆ ಹೋದೆ. ಡಿಪೋ ಹಿಂದಿನ ಓಣಿ, ಮನೆ ಕೇಳಿಕೊಂಡು. ನಿತೇಶ ಡ್ಯೂಟಿಯಲ್ಲಿದ್ದ. ಜಗುಲಿಯಲ್ಲಿ ಸಣ್ಣ ಜೀವ, ಆಯಿಯೇ ಇರಬೇಕು. ನಾನು ಬಾಯಿ ತೆರೆಯುವ ಮೊದಲೇ, ‘ಕೋಡಿಬಾಗದ ತಂಗಿ ಹೌದಾ?’

ಮೂಲೆಯಲ್ಲಿ ಬಟ್ಟೆಯ ಗಂಟು, ಕಟ್ಟಿ ಇಟ್ಟದ್ದು.

‘ಹಣಕೋಣದಲ್ಲಿ ನನ್ ತಂಗಿ ಅದಾಳೆ. ಅಲ್ಲಿಗೆ ಹೋಗ್ತೆ. ಅವ್ನಿಗೆ ಈಗ್ಲೇ ಹೇಳ್ಬೇಡ. ನನ್ ದೆಸೆಯಿಂದ ಅವ್ನ ಸಂಸಾರ ನಿಲ್ಲೂದು ಬೇಡ ಮಗಾ. ನೀ ಹೂಂ ಅಂದ್ಬಿಡು.’

ಕೇಳಲಿಕ್ಕೆ ಅಂತ ನಾಲ್ಕು ಮಾತು ಬಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಅವರ ಪಕ್ಕ ಜಗುಲಿಯಲ್ಲಿ ಕೂತೆ.

‘ಗಂಜಿ ಎರ್ಡು ಸಲ ಹಾಕಿಸ್ಕಂಡೆ ಅಂದ. ಆವತ್ತೇ ನಂಗೆ ಸಮಾಧಾನ ಆಯ್ತು. ಹಸಿವು ಗೊತ್ತಿದ್ದವ್ಳು ಯಾರನ್ನೂ ಉಪಾಸ ಇಡೂದಿಲ್ಲ.’

ಒಂದು ಲೋಟ ನೀರು ಕುಡಿದೆ. ಗಂಟು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿ ಇಟ್ಟೆ. ಐದೇ ಇದ್ದವು. ಬೇಡ, ಬೇಡ ಅನ್ನುತ್ತಲೇ ಇದ್ದರು. ಕೊನೆಯ ಸೀರೆ ತಾವೇ ಮಡಚಿ ಕೊಟ್ಟರು. ಬಸ್ಸಿನಲ್ಲಿ ಅಳು ಬಂತು, ಕಾರಣ ದುಃಖವಲ್ಲ.

ಮಾರ್ಚ್ 12. ಭಾನುವಾರ, ಸಂಜೆ 5

ಅಂಕೋಲೆ, ಸಮುದ್ರದ ಕಡೆ ಹೋಗುವ ರಸ್ತೆಯ ಸಣ್ಣ ಹೋಟೆಲ್. ಈ ಸಲ ಮೂವರು. ಹಟ ಮಾಡಿ ಆಯಿಯನ್ನೂ ಹೊರಡಿಸಿದ್ದೆ. ಆಟೋ ಇಳಿದವರೇ ಗೋಡೆ ಹಿಡಿದು ಹಿತ್ತಲ ಕಡೆ ತಿರುಗಿದರು. ಇಪ್ಪತ್ತು ವರ್ಷ ಹೋಟೆಲ್ ಅಂದರೆ ಅವರಿಗೆ ಹಿಂದಿನ ಬಾಗಿಲು. ಕೈ ಹಿಡಿದು ಮುಂದಿನಿಂದ ಕರೆತಂದು ಫ್ಯಾನಿನ ಕೆಳಗೆ ಕೂರಿಸಿದೆ. ನೀರುದೋಸೆ, ತಿಸ್ರೆ ಸುಕ್ಕ. ಚಿಪ್ಪು ಬಿಡಿಸಿ ಕೊಟ್ಟೆ. ‘ಕಾಯಿ ಕಡ್ಮೆ ಬಿತ್ತು’ ಅಂದರು ಮೆಲ್ಲಗೆ, ಖುಷಿಯಲ್ಲಿ. ಮೂರು ದೋಸೆ ತಿಂದರು.

ನಿತೇಶ ತಿನ್ನದೆ ನನ್ನನ್ನೇ ನೋಡುತ್ತ ಕೂತಿದ್ದ. ಅವನ ದೋಸೆ ಆರಿ ಹೋಯಿತು. ಹಾಳು ಮಾಡಬಾರದು ಅಂತ ನಾನೇ ತಿಂದೆ.

ಹೊಟ್ಟೆ ತುಂಬಿದೆ. ಇಷ್ಟು ಬರೆದರೆ ಸಾಕು.

ಮನೆಗೆ ಬಂದಾಗ ಸೋಮಣ್ಣ ಅಂಗಳದಲ್ಲೇ ಕಾದಿದ್ದ. ‘ಎಂತ ಹೇಳ್ದೆ?’

‘ಒಪ್ಪಿದೆ.’

‘ಆಯ್ತು. ನಿನ್ ಜೀವ, ನಿನ್ ಇಷ್ಟ’ ಅಂದ. ಕಣ್ಣು ಒರೆಸಿಕೊಂಡನೋ ಏನೋ. ಅತ್ತಿಗೆ ಚಹಾ ತಂದಳು. ‘ಮತ್ತೆ ಆ ಆಯಿ?’

‘ಅವ್ರನ್ನೇ ಮೊದ್ಲು ಒಪ್ಪಿದ್ದು ಅತ್ತಿಗೆ.’

‘ಅದಿರ್ಲಿ. ನೀ ಹೂಂ ಅಂದಾಗ ನಿತೇಶ ಎಂತ ಹೇಳ್ದ?’

ಏನು ಹೇಳಿದ... ಅಯ್ಯೋ ದೇವರೇ. ಅವನಿಗೆ ನಾನಿನ್ನೂ ಹೇಳಿಯೇ ಇಲ್ಲ. ಮೂರು ತಾಸು ಎದುರಿಗೇ ಕೂತಿದ್ದ. ಡಿಪೋ ನಂಬರ್ ಎಲ್ಲಿ ಬರೆದಿಟ್ಟಿದ್ದೆ, ಈ ಡೈರಿಯಲ್ಲೇ ಎಲ್ಲೋ—